ಚಲನೆಯನ್ನು ಮಿದುಳು ಕಾಣುವ ಬಗೆ

ಗಡಿಯಾರದ ಗಂಟೆ ಮುಳ್ಳು ಚಲಿಸುತ್ತದೆ ಎಂಬುದು ನಮಗೆ ಗೊತ್ತು. ಆದರೆ ಅದು ಚಲಿಸುವುದನ್ನು ಯಾರೂ ಕಂಡಿಲ್ಲ. ಆಗ ಒಂಬತ್ತರಲ್ಲಿತ್ತು, ಈಗ ಹತ್ತರಲ್ಲಿದೆ, ಹಾಗಾದರೆ ನಡುವೆ ಸರಿದಿರಬೇಕು ಎಂದು ಲೆಕ್ಕ ಹಾಕಿಕೊಳ್ಳುತ್ತೇವೆ. ಸೆಕೆಂಡ್ ಮುಳ್ಳಿನ ವಿಷಯ ಹಾಗಲ್ಲ. ಅಲ್ಲಿ ಲೆಕ್ಕಕ್ಕೆ ಎಡೆಯೇ ಇಲ್ಲ. ಕೆಂಪನ್ನು ಕೆಂಪಾಗಿ ಕಾಣುವಂತೆ ಓಟವನ್ನು ಓಟವಾಗಿಯೇ ಕಾಣುತ್ತೇವೆ. ಈ ವ್ಯತ್ಯಾಸ ಮೇಲ್ನೋಟಕ್ಕೆ ಸಣ್ಣದು. ಆದರೆ ಪ್ರೈಮೇಟ್‌ಗಳ, ಎಂದರೆ ಕೋತಿ, ಗೊರಿಲ್ಲಾ, ಮನುಷ್ಯರೆಲ್ಲ ಸೇರುವ ಸಸ್ತನಿ ಬಳಗದ, ಮಿದುಳಿನ ಬಗ್ಗೆ ಕಳೆದ ನೂರೈವತ್ತು ವರ್ಷಗಳಲ್ಲಿ ಹುಟ್ಟಿದ ಅತ್ಯಂತ ಫಲವತ್ತಾದ ಪ್ರಶ್ನೆಗಳಲ್ಲೊಂದು ಹೊರಟದ್ದು ಇಲ್ಲಿಂದಲೇ. ಚಲನೆ ಎನ್ನುವುದು ಸ್ಥಾನ, ಕಾಲಗಳನ್ನು ಕೂಡಿಸಿ ನಾವು ಮಾಡುವ ತೀರ್ಮಾನವೇ? ಅಥವಾ ಬಣ್ಣದಂತೆ, ಬೆಳಕಿನಂತೆ ತನ್ನದೇ ನರವ್ಯವಸ್ಥೆ ಇರುವ ಒಂದು ಮೂಲ ಸಂವೇದನೆಯೇ?

ಗ್ರಹಿಕೆಯ ಬೇರಾವ ಬಗೆಯಲ್ಲೂ ವಿಜ್ಞಾನ ಇಷ್ಟು ದೂರ ನಡೆದಿಲ್ಲ ಎಂದೇ ನನ್ನ ನಂಬಿಕೆ. ಒಂದು ನರಕೋಶದ ಸ್ಪಂದನಕ್ಕೂ ಒಂದು ಪ್ರಾಣಿಗೆ ಏನು ಕಾಣುತ್ತದೆ ಎಂಬುದಕ್ಕೂ ಇರುವ ಸಂಬಂಧವನ್ನು ಬರಿಯ ಹೊಂದಾಣಿಕೆಯಾಗಿ ಬಿಡದೆ, ಕಾರಣವಾಗಿ ತೋರಿಸಿಕೊಟ್ಟದ್ದು ಚಲನೆಯ ಅಧ್ಯಯನ. ಆದರೆ ಈ ಸಾಧನೆ ಪಠ್ಯಪುಸ್ತಕಗಳಿಗೆ ಇಳಿಯುವಾಗ 'ಮಿದುಳಿನಲ್ಲಿ ಚಲನೆಗೊಂದು ಕೇಂದ್ರವಿದೆ' ಎಂಬ ಒಂದು ಸಾಲಾಗಿ ಕುಗ್ಗಿಬಿಡುತ್ತದೆ. ಆ ಸಾಲು ಈಗ ಉಳಿಯುವುದಿಲ್ಲ. ಏಕೆ ಉಳಿಯುವುದಿಲ್ಲ ಎಂಬುದನ್ನು, ಅದು ಹೇಗೆ ಹುಟ್ಟಿತು ಎಂಬುದರೊಂದಿಗೇ ನೋಡಬೇಕು.

ಮೊದಲ ಗಟ್ಟಿ ಸುಳಿವು ವಿಯೆನ್ನಾದ ಸಿಗ್ಮಂಡ್ ಎಕ್ಸ್‌ನರ್ ಅವರದು. 1875ರಲ್ಲಿ ಅವರು ಎರಡು ವಿದ್ಯುತ್ ಕಿಡಿಗಳನ್ನು ಒಂದರ ಹಿಂದೊಂದು ಹೊತ್ತಿಸಿ ನೋಡುಗರನ್ನು ಪ್ರಶ್ನಿಸಿದರು. ಯಾವ ಕಿಡಿ ಮೊದಲು ಎಂದು ಹೇಳಲು ನಡುವೆ ಸುಮಾರು 45 ಮಿಲಿಸೆಕೆಂಡ್ ಅಂತರ ಬೇಕಾಯಿತು. ಕಿಡಿಗಳನ್ನು ಪರಸ್ಪರ ಹತ್ತಿರ ತಂದಾಗ ಒಂದೇ ಕಿಡಿ ಅಲ್ಲಿಂದ ಇಲ್ಲಿಗೆ ಸರಿದಂತೆ ಕಾಣತೊಡಗಿತು, ಮತ್ತು ಆ ಸರಿತದ ದಿಕ್ಕು ಸುಮಾರು 15 ಮಿಲಿಸೆಕೆಂಡ್ ಅಂತರದಲ್ಲೂ ತಿಳಿಯುತ್ತಿತ್ತು. ಹಿಂದುಮುಂದು ತಿಳಿಯದಷ್ಟು ಕಿರಿದಾದ ಕಾಲದಲ್ಲೂ ದಿಕ್ಕು ಕಾಣುವುದಾದರೆ, ಹಿಂದುಮುಂದಿನ ಲೆಕ್ಕದಿಂದ ಚಲನೆ ಹುಟ್ಟುತ್ತದೆ ಎಂದು ಹೇಳುವುದು ಹೇಗೆ? 1912ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮ್ಯಾಕ್ಸ್ ವರ್ತೈಮರ್ ಇದೇ ಜಾಡು ಹಿಡಿದು, ಯಾವ ವಸ್ತುವೂ ಸರಿಯದಿದ್ದರೂ ಬರಿಯ ಚಲನೆಯಷ್ಟೇ ಅನುಭವಕ್ಕೆ ಬರುವ ಸ್ಥಿತಿಯನ್ನು ತೋರಿಸಿದರು. ಸಿನಿಮಾ ನಮ್ಮನ್ನು ನಂಬಿಸುವುದು ಇದೇ ಗುಣದ ಬಲದಿಂದ.

ಇನ್ನೂ ವಿಚಿತ್ರವಾದ ಸಾಕ್ಷಿ ಜಲಪಾತಗಳದು. 1834ರಲ್ಲಿ ರಾಬರ್ಟ್ ಆಡಮ್ಸ್ ಎಂಬವರು ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತವನ್ನು ದಿಟ್ಟಿಸಿ ನೋಡಿ, ಆಮೇಲೆ ಪಕ್ಕದ ಬಂಡೆಯತ್ತ ಕಣ್ಣು ಹೊರಳಿಸಿದಾಗ ಬಂಡೆ ಮೇಲಕ್ಕೆ ಏರುತ್ತಿರುವಂತೆ ಕಂಡಿತು ಎಂದು ಬರೆದರು. ಮಳೆಗಾಲದಲ್ಲಿ ಜೋಗಕ್ಕೆ ಹೋದವರು ಇದನ್ನು ತಾವೇ ನೋಡಬಹುದು. ರಾಜಾ ಧಾರೆಯ ಒಂದು ಜಾಗದ ಮೇಲೆ ಅರ್ಧ ನಿಮಿಷ ದೃಷ್ಟಿ ನೆಟ್ಟು, ನಂತರ ಪಕ್ಕದ ಕಲ್ಲನ್ನು ನೋಡಬೇಕು. ಕಲ್ಲು ಮೇಲೇರುತ್ತದೆ, ಆದರೆ ಇದ್ದಲ್ಲೇ ಇರುತ್ತದೆ. ಸ್ಥಾನ ಒಂದಿಷ್ಟೂ ಬದಲಾಗದೆ ಚಲನೆ ಮಾತ್ರ ಕಾಣುವ ಆ ಕ್ಷಣ ತರ್ಕಕ್ಕೆ ಒಗ್ಗುವುದಿಲ್ಲ. ಮಿದುಳಿಗೆ ಅದು ಸಹಜ, ಏಕೆಂದರೆ ಅಲ್ಲಿ ಸ್ಥಾನವನ್ನು ತಿಳಿಸುವ ಕೋಶಗಳು ಬೇರೆ, ದಿಕ್ಕನ್ನು ತಿಳಿಸುವ ಕೋಶಗಳು ಬೇರೆ. ಕೆಳಮುಖದ ಕೋಶಗಳು ದುಡಿದು ದಣಿದಾಗ ಮೇಲ್ಮುಖದ ಕೋಶಗಳ ಮಾತು ಮೇಲಾಗುತ್ತದೆ.

ಹೀಗೆ ಬೇರೆ ಬೇರೆ ಇರುವುದಾದರೆ ಒಂದು ಕೆಟ್ಟು ಇನ್ನೊಂದು ಉಳಿಯಲೂಬೇಕಲ್ಲವೇ? ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವೈದ್ಯ ಜಾರ್ಜ್ ರಿಡಾಕ್, ತಲೆಯ ಹಿಂಭಾಗಕ್ಕೆ ಗುಂಡೇಟು ಬಿದ್ದ ಸೈನಿಕರನ್ನು ಪರೀಕ್ಷಿಸಿ 1917ರಲ್ಲಿ ಒಂದು ವರದಿ ಕೊಟ್ಟರು. ಕುರುಡಾದ ದೃಷ್ಟಿಭಾಗದಲ್ಲಿ ನಿಂತ ವಸ್ತು ಅವರಲ್ಲಿ ಕೆಲವರಿಗೆ ಕಾಣದು, ಅದೇ ವಸ್ತು ಅಲುಗಾಡಿದರೆ ಏನೋ ಸರಿಯಿತೆಂದು ತಿಳಿಯುತ್ತದೆ. ಅದರ ಆಕಾರ ಹೇಳಲಾರರು, ಬಣ್ಣ ಹೇಳಲಾರರು. ಆ ಕಾಲದ ದೊಡ್ಡ ನರವೈದ್ಯ ಗಾರ್ಡನ್ ಹೋಮ್ಸ್ ಇದನ್ನು ಒಪ್ಪಲಿಲ್ಲ. ಚಲನೆ ಬೇರೆ, ಆಕಾರ ಬೇರೆ ಎಂಬ ವಿಂಗಡಣೆಗೆ ಅವರ ಅನುಭವದಲ್ಲಿ ಆಧಾರವಿರಲಿಲ್ಲ. ಅವರ ಮಾತಿಗೆ ತೂಕವಿತ್ತು, ರಿಡಾಕ್ ಕಂಡದ್ದು ದಶಕಗಳ ಕಾಲ ಮೂಲೆಗೆ ಸರಿಯಿತು. ವೈದ್ಯವಿಜ್ಞಾನದ ಚರಿತ್ರೆಯಲ್ಲಿ ನನಗೆ ಬೇಸರ ತರಿಸುವ ಪ್ರಸಂಗಗಳಲ್ಲಿ ಇದೂ ಒಂದು.

ಇದರ ತಿರುವುಮುರುವು ಸ್ಥಿತಿ ಬೆಳಕಿಗೆ ಬಂದದ್ದು 1983ರಲ್ಲಿ. ಮ್ಯೂನಿಕ್‌ನಲ್ಲಿ ಜೋಸೆಫ್ ಜೀಲ್ ಮತ್ತು ಸಂಗಡಿಗರು 'ಎಲ್.ಎಂ.' ಎಂಬ ಗುರುತಿನಿಂದ ಕರೆದ ಮಹಿಳೆಯ ಮಿದುಳಿನ ರಕ್ತನಾಳ ಮುಚ್ಚಿ ಎರಡೂ ಪಕ್ಕದ ಹಿಂಭಾಗಕ್ಕೆ ಪೆಟ್ಟಾಗಿತ್ತು. ಆಕೆಗೆ ಬಣ್ಣ ಕಾಣುತ್ತಿತ್ತು, ಅಕ್ಷರ ಕಾಣುತ್ತಿತ್ತು, ಮುಖಗಳು ಕಾಣುತ್ತಿದ್ದವು. ಚಲನೆ ಮಾತ್ರ ಇರಲಿಲ್ಲ. ಕಪ್ಪಿಗೆ ಚಹಾ ಬಗ್ಗಿಸಿದರೆ ಧಾರೆ ಹಿಮನದಿಯಂತೆ ಹೆಪ್ಪುಗಟ್ಟಿ ನಿಂತಂತೆ ಕಾಣುತ್ತಿತ್ತು. ಮಟ್ಟ ಏರುವುದು ತಿಳಿಯದೆ ಚಹಾ ತುಂಬಿ ಚೆಲ್ಲುತ್ತಿತ್ತು. ನಾಲ್ಕು ಜನ ಓಡಾಡುವ ಕೋಣೆಯಲ್ಲಿ ಆಕೆ ನಿಲ್ಲಲಾರಳು: ಈಗ ಅಲ್ಲಿದ್ದವರು ಈಗ ಇಲ್ಲಿದ್ದಾರೆ, ನಡುವೆ ನಡೆದು ಬಂದದ್ದಿಲ್ಲ. ರಸ್ತೆ ದಾಟುವಾಗ ದೂರದಲ್ಲಿದ್ದ ಕಾರು ಇದ್ದಕ್ಕಿದ್ದಂತೆ ಎದುರೇ ಇರುತ್ತಿತ್ತು. ಮುಂದೆ ಆಕೆ ವಾಹನಗಳ ಸದ್ದು ಕೇಳಿ ದೂರ ಅಳೆಯುವುದನ್ನು ಕಲಿತಳು. ಕಿವಿಗೆ, ಚರ್ಮಕ್ಕೆ ತಿಳಿಯುವ ಚಲನೆಗೆ ಏನೂ ಆಗಿರಲಿಲ್ಲ.

ಈ ಒಂದು ಪ್ರಕರಣ ಅಷ್ಟು ಪ್ರಸಿದ್ಧವಾಗಲು ಕಾರಣ, ಕೋತಿಗಳ ಮಿದುಳಿನಲ್ಲಿ ಅದಕ್ಕೆ ತಕ್ಕ ಜಾಗ ಆಗಲೇ ಪತ್ತೆಯಾಗಿದ್ದದ್ದು. ಅಲ್ಲಿಗೆ ಹೋಗುವ ಮುನ್ನ ಕಣ್ಣಿನಿಂದ ಹೊರಡುವ ದಾರಿಯನ್ನು ಒಮ್ಮೆ ನೋಡೋಣ. ಮನುಷ್ಯನ ರೆಟಿನಾದಲ್ಲಿ ಹತ್ತು ಕೋಟಿಗೂ ಮೀರಿದ ಬೆಳಕುಗ್ರಾಹಿ ಕೋಶಗಳಿವೆ. ಕಣ್ಣಿನಿಂದ ಹೊರಡುವ ನರತಂತುಗಳು ಸುಮಾರು ಹತ್ತು ಲಕ್ಷ ಮಾತ್ರ. ಅಂದರೆ ಮಿದುಳಿಗೆ ಹೋಗುವುದು ಆಗಲೇ ಸೋಸಿದ, ಸಂಕ್ಷೇಪಿಸಿದ ಸಮಾಚಾರ. ಈ ತಂತುಗಳಲ್ಲಿ ಹೆಚ್ಚಿನವು ಬಣ್ಣ ಮತ್ತು ಸೂಕ್ಷ್ಮ ವಿವರಗಳಿಗೆ ಸೇರಿದವು. ಸುಮಾರು ಹತ್ತರಲ್ಲೊಂದು ಪಾಲು ದಪ್ಪನಾದವು, ಚುರುಕಾದವು. ಬಣ್ಣದ ಗೊಡವೆ ಅವಕ್ಕಿಲ್ಲ, ಹೊಳಪಿನ ಕ್ಷಣಿಕ ಏರಿಳಿತವೇ ಅವುಗಳ ವಿಷಯ. ಮಿದುಳಿನೊಳಗಿನ ಥಲಾಮಸ್ ಎಂಬ ಭಾಗದಲ್ಲಿರುವ ಆರು ಪದರದ ನಿಲ್ದಾಣದಲ್ಲಿ ಕೆಳಗಿನ ಎರಡು ಪದರ ಇವಕ್ಕೇ ಮೀಸಲು. ತಮಿಳುನಾಡಿನಲ್ಲಿ ಹುಟ್ಟಿದ ವಿ.ಎಸ್. ರಾಮಚಂದ್ರನ್ ಅವರು ರಿಚರ್ಡ್ ಗ್ರೆಗರಿಯವರ ಜೊತೆ 1978ರಲ್ಲಿ ಈ ವಿಭಜನೆಯ ಪರಿಣಾಮವನ್ನು ಅನುಭವಕ್ಕೇ ತಂದು ತೋರಿಸಿದರು. ಕೆಂಪು, ಹಸಿರು ಚುಕ್ಕೆಗಳ ಹೊಳಪನ್ನು ಸರಿಸಮ ಮಾಡಿ ಬಣ್ಣದ ಭೇದವನ್ನಷ್ಟೇ ಉಳಿಸಿದಾಗ, ಚುಕ್ಕೆಗಳು ಎದುರಿಗೇ ಕಾಣುತ್ತಿದ್ದರೂ ಅವುಗಳ ಚಲನೆ ಕಾಣದಾಯಿತು.

ಥಲಾಮಸ್‌ನಿಂದ ಮುಂದಿನ ನಿಲ್ದಾಣ ತಲೆಯ ಹಿಂಭಾಗದ ಪ್ರಾಥಮಿಕ ದೃಷ್ಟಿತೊಗಟೆ, ವಿ-1. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1958ರಲ್ಲಿ ಬೆಕ್ಕಿನ ವಿ-1 ಕೋಶಗಳಿಗೆ ಕಪ್ಪು ಚುಕ್ಕೆಗಳನ್ನು ತೋರಿಸಿ ತೋರಿಸಿ ಸುಸ್ತಾಗಿದ್ದಾಗ, ಗಾಜಿನ ಸ್ಲೈಡನ್ನು ಯಂತ್ರದೊಳಕ್ಕೆ ತಳ್ಳುವಾಗ ಅದರ ಅಂಚಿನ ನೆರಳು ಪರದೆಯ ಮೇಲೆ ಹಾಯಿತು. ಕೋಶ ಭೋರ್ಗರೆಯಿತು. ಇಂಥದೇ ಓರೆಯ ಗೆರೆ, ಇಂಥದೇ ದಿಕ್ಕಿಗೆ ಸರಿದರೆ ಮಾತ್ರ ಸ್ಪಂದಿಸುವ ಕೋಶಗಳ ಲೋಕ ಹೀಗೆ ತೆರೆದುಕೊಂಡಿತು. 1968ರ ಹೊತ್ತಿಗೆ ಅವರು ಕೋತಿಯಲ್ಲೂ ಇದನ್ನೇ ಕಂಡರು, 1981ರಲ್ಲಿ ನೊಬೆಲ್ ಬಂತು.

ದಿಕ್ಕನ್ನು ಗುರುತಿಸುವ ಕೋಶವನ್ನು ಕಟ್ಟುವುದು ಹೇಗೆಂಬ ಒಗಟು ಬಿಡಿಸಿದ್ದು ಒಂದು ಜೀರುಂಡೆ. ಜರ್ಮನಿಯ ಬರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಮತ್ತು ವರ್ನರ್ ರೈಕಾರ್ಟ್ 1956ರಲ್ಲಿ ಅದರ ತಿರುಗಾಟವನ್ನು ಅಳೆದು ಒಂದು ಸರಳ ಸೂತ್ರ ಮುಂದಿಟ್ಟರು. ಅಕ್ಕಪಕ್ಕದ ಎರಡು ಬಿಂದುಗಳ ಸಂಕೇತಗಳಲ್ಲಿ ಒಂದನ್ನು ತುಸು ತಡೆದು ಇನ್ನೊಂದರೊಡನೆ ಗುಣಿಸಬೇಕು. ಎಡದಿಂದ ಬಲಕ್ಕೆ ಹೋಗುವ ವಸ್ತುವಿಗೆ ಎರಡೂ ಒಟ್ಟಿಗೆ ತಲುಪಿ ಗುಣಲಬ್ಧ ದೊಡ್ಡದಾಗುತ್ತದೆ, ಬಲದಿಂದ ಎಡಕ್ಕಾದರೆ ಇಲ್ಲ. ಎಡ್ವರ್ಡ್ ಏಡೆಲ್ಸನ್ ಮತ್ತು ಜೇಮ್ಸ್ ಬರ್ಗೆನ್ 1985ರಲ್ಲಿ ಪ್ರೈಮೇಟ್ ದೃಷ್ಟಿಗೆ ಒಪ್ಪುವ ಗಣಿತರೂಪ ಕೊಟ್ಟರು. ಒಂದು ಕೀಟದ ನಡಿಗೆಯಿಂದ ಹೊರಟ ವಿಚಾರ ಮೂರು ದಶಕಗಳಲ್ಲಿ ಮನುಷ್ಯನ ನೋಟದ ಸಿದ್ಧಾಂತವಾದದ್ದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

1971ರಲ್ಲಿ ಎರಡು ತಂಡಗಳು, ಎರಡು ಬೇರೆ ಕೋತಿಗಳಲ್ಲಿ, ಒಂದೇ ಜಾಗಕ್ಕೆ ಬಂದು ಮುಟ್ಟಿದವು. ಜಾನ್ ಆಲ್‌ಮನ್ ಮತ್ತು ಜಾನ್ ಕಾಸ್ ದಕ್ಷಿಣ ಅಮೆರಿಕದ ಗೂಬೆಕೋತಿಯಲ್ಲಿ ಅದನ್ನು ಗುರುತಿಸಿ ಎಂಟಿ ಎಂದರು. ರೊನಾಲ್ಡ್ ಡಬ್ನರ್ ಮತ್ತು ಸೆಮಿರ್ ಜೆಕಿ ಏಷ್ಯಾದ ರೀಸಸ್ ಕೋತಿಯಲ್ಲಿ ದಿಕ್ಕಿಗೆ ಸ್ಪಂದಿಸುವ ಕೋಶಗಳು ಅಲ್ಲಿ ಕಿಕ್ಕಿರಿದಿರುವುದನ್ನು ಕಂಡರು. ಮುಂದೆ ಜೆಕಿ ಅದನ್ನು ವಿ-5 ಎಂದು ಕರೆದರು. ಎರಡು ಹೆಸರೂ ಉಳಿದಿವೆ. ವಿ-1ರಲ್ಲಿ ದಿಕ್ಕನ್ನು ಲೆಕ್ಕಿಸುವ ಕೋಶಗಳು ಅಲ್ಪಸಂಖ್ಯಾತ, ಎಂಟಿಯಲ್ಲಿ ಬಹುಪಾಲು ಕೋಶಗಳು ಅಂಥವೇ. ಅಲ್ಲಿನ ಒಂದೊಂದು ಕೋಶ ನೋಡುವ ಬಯಲು ವಿ-1 ಕೋಶದ್ದಕ್ಕಿಂತ ಸುಮಾರು ಹತ್ತು ಪಟ್ಟು ಅಗಲ. ತಮ್ಮ ದಿಕ್ಕುಗಳ ಪ್ರಕಾರ ಕೋಶಗಳು ಕಂಬಸಾಲಿನಂತೆ ಗುಂಪುಗೂಡಿವೆ. 1984ರಲ್ಲಿ ಥಾಮಸ್ ಆಲ್‌ಬ್ರೈಟ್ ಮತ್ತಿತರರು ತೋರಿಸಿದ ಈ ವ್ಯವಸ್ಥೆ ಮುಂದಿನ ಒಂದು ಮಹತ್ವದ ಪ್ರಯೋಗಕ್ಕೆ ತಳಹದಿಯಾಯಿತು. 1991ರಲ್ಲಿ ಜೆಕಿಯವರ ತಂಡ ಮನುಷ್ಯರ ಮಿದುಳಿನಲ್ಲೂ ಇದರ ಜೋಡಿಯನ್ನು ಪೆಟ್ ಸ್ಕ್ಯಾನ್‌ನಿಂದ ಗುರುತಿಸಿತು. ಅದು ಎಲ್.ಎಂ. ಅವರಿಗೆ ಪೆಟ್ಟಾಗಿದ್ದ ಪ್ರದೇಶದಲ್ಲೇ ಇತ್ತು.

ಎಂಟಿಗೆ ಅಷ್ಟು ಅಗಲದ ಬಯಲು ಏಕೆ ಬೇಕು? ಬಾಗಿಲಲ್ಲಿರುವ ಸಣ್ಣ ತೂತಿನಿಂದ ಹೊರಗೆ ನೋಡುತ್ತಿದ್ದೀರಿ ಎನ್ನಿ. ಯಾರೋ ಉದ್ದನೆಯ ಬಿದಿರು ಗಳವನ್ನು ಓರೆಯಾಗಿ ಹಿಡಿದು ಬಲಕ್ಕೆ ನಡೆಯುತ್ತಿದ್ದಾರೆ. ಗಳದ ತುದಿಗಳು ನಿಮಗೆ ಕಾಣವು. ತೂತಿನಲ್ಲಿ ಒಂದು ಓರೆಗೆರೆ ಮಾತ್ರ ಸರಿಯುತ್ತದೆ, ಅದು ಬಲಕ್ಕೆ ಹೋಯಿತೋ ಕೆಳಕ್ಕೆ ಇಳಿಯಿತೋ ಹೇಳಲಾಗದು. ಗೆರೆಗೆ ಲಂಬವಾದ ಚಲನೆಯಷ್ಟೇ ಖಚಿತ. ವಿ-1ರ ಪ್ರತಿ ಕೋಶವೂ ಇಂಥ ತೂತಿನ ಹಿಂದೆಯೇ ಕೂತಿದೆ. ಆಂಥನಿ ಮೊವ್‌ಶನ್ ಮತ್ತು ಸಂಗಡಿಗರು 1980ರ ದಶಕದ ನಡುವಿನಲ್ಲಿ ಎರಡು ಓರೆಪಟ್ಟೆಗಳನ್ನು ಒಂದರ ಮೇಲೊಂದು ಹರಿಸಿ ಕೋತಿಗಳಿಗೆ ತೋರಿಸಿದರು. ವಿ-1 ಕೋಶಗಳು ಪಟ್ಟೆಗಳನ್ನು ಬಿಡಿಬಿಡಿಯಾಗಿ ಕಂಡವು. ಎಂಟಿಯ ಕೆಲವು ಕೋಶಗಳಾದರೋ ಎರಡೂ ಸೇರಿದ ವಿನ್ಯಾಸದ ನಿಜ ದಿಕ್ಕಿಗೆ ಸ್ಪಂದಿಸಿದವು, ಕೋತಿಗೂ ನಮಗೂ ಕಾಣುವುದು ಅದೇ ದಿಕ್ಕು. ಈ ಲೆಕ್ಕಕ್ಕೆ ಸಮಯ ಹಿಡಿಯುತ್ತದೆ ಎಂಬುದನ್ನು ಕ್ರಿಸ್ಟೋಫರ್ ಪ್ಯಾಕ್ ಮತ್ತು ರಿಚರ್ಡ್ ಬಾರ್ನ್ 2001ರಲ್ಲಿ ಹಿಡಿದರು. ಎಂಟಿ ಕೋಶ ಮೊದಲು ಗೆರೆಗೆ ಲಂಬವಾದ ತಪ್ಪು ದಿಕ್ಕನ್ನೇ ಹೇಳುತ್ತದೆ, ಅಲ್ಲಿಂದ ಸುಮಾರು 60 ಮಿಲಿಸೆಕೆಂಡ್‌ಗಳಲ್ಲಿ ತಿದ್ದಿಕೊಂಡು ಸರಿಯಾದ ದಿಕ್ಕಿಗೆ ಬರುತ್ತದೆ.

ಇಲ್ಲಿಯವರೆಗಿನದು ಕೋಶಗಳ ಸ್ಪಂದನದ ಕಥೆ. ಕೋಶ ಸ್ಪಂದಿಸಿತು ಎಂದ ಮಾತ್ರಕ್ಕೆ ಪ್ರಾಣಿಗೆ ಕಾಣುವುದು ಅದರಿಂದಲೇ ಎಂದಾಗುವುದಿಲ್ಲ. ಈ ಕಂದಕವನ್ನು ದಾಟಿದ್ದು ವಿಲಿಯಂ ನ್ಯೂಸಮ್ ಅವರ ಪ್ರಯೋಗಮಾಲೆ. ನನ್ನ ಮಟ್ಟಿಗೆ ಇಪ್ಪತ್ತನೆಯ ಶತಮಾನದ ನರವಿಜ್ಞಾನದಲ್ಲಿ ಇದಕ್ಕಿಂತ ಸುಂದರವಾದ ಕೆಲಸ ಕಡಿಮೆ. ಅವರು ಬಳಸಿದ ದೃಶ್ಯ, ಆಂಟೆನಾ ಹಿಡಿಯದ ಹಳೆಯ ಟಿವಿ ಪರದೆಯಂತೆ ಚುಕ್ಕೆಗಳು ಎತ್ತಲೋ ಮಿನುಗುವ ಗೊಂದಲ. ಅದರಲ್ಲಿ ಒಂದಿಷ್ಟು ಪಾಲು ಚುಕ್ಕೆಗಳು ಮಾತ್ರ ಒಂದೇ ದಿಕ್ಕಿಗೆ ಸರಿಯುತ್ತವೆ. ಆ ಪಾಲನ್ನು ಕಡಿಮೆ ಮಾಡುತ್ತ ಹೋದಂತೆ ದಿಕ್ಕು ಹೇಳುವುದು ಕಷ್ಟವಾಗುತ್ತದೆ. ತರಬೇತಾದ ಕೋತಿ ತನಗೆ ಕಂಡ ದಿಕ್ಕನ್ನು ಕಣ್ಣು ಹೊರಳಿಸಿ ಹೇಳುತ್ತದೆ, ಸರಿಯಾದರೆ ಒಂದು ಗುಟುಕು ಹಣ್ಣಿನ ರಸ. ಬಿಡಿ ಚುಕ್ಕೆಯ ಸ್ಥಾನ ನೋಡಿ ಇಲ್ಲಿ ಗೆಲ್ಲಲು ಬರುವುದಿಲ್ಲ, ಚಲನೆಯನ್ನೇ ಕಾಣಬೇಕು.

ಮೊದಲ ಹೆಜ್ಜೆ 1988ರದು. ನ್ಯೂಸಮ್ ಮತ್ತು ಎಡ್ಮಂಡ್ ಪಾರೆ ಎಂಟಿಯ ಒಂದು ಭಾಗವನ್ನು ರಾಸಾಯನಿಕದಿಂದ ಕೆಡಿಸಿದಾಗ, ಆ ಭಾಗ ನೋಡಿಕೊಳ್ಳುವ ದೃಷ್ಟಿವಲಯದಲ್ಲಿ ಚಲನೆ ಗುರುತಿಸಲು ಎಷ್ಟೋ ಪಟ್ಟು ಹೆಚ್ಚು ಚುಕ್ಕೆಗಳು ಬೇಕಾದವು. ಹೊಳಪಿನ ಸೂಕ್ಷ್ಮ ವ್ಯತ್ಯಾಸ ಕಾಣುವ ಶಕ್ತಿಗೆ ಧಕ್ಕೆಯಾಗಲಿಲ್ಲ. ಎರಡನೆಯದು, 1989ರಲ್ಲಿ ಕೆನೆತ್ ಬ್ರಿಟನ್ ಮತ್ತು ಮೊವ್‌ಶನ್ ಜೊತೆಗಿನದು. ಒಂದೊಂದೇ ಎಂಟಿ ಕೋಶದ ಸ್ಪಂದನವನ್ನು ಆಧರಿಸಿ ದಿಕ್ಕು ಹೇಳಿದರೆ ಎಷ್ಟು ಸರಿಯಾದೀತು ಎಂದು ಲೆಕ್ಕ ಹಾಕಿದಾಗ, ಎಷ್ಟೋ ಕೋಶಗಳು ಇಡೀ ಕೋತಿಯಷ್ಟೇ ಸೂಕ್ಷ್ಮವಾಗಿದ್ದವು, ಕೆಲವು ಅದಕ್ಕಿಂತ ಮೇಲಾಗಿದ್ದವು. ಕೋಟ್ಯಂತರ ಕೋಶಗಳ ಮಿದುಳಿನಲ್ಲಿ ಒಂದು ಕೋಶ ಪ್ರಾಣಿಗೇ ಸಾಟಿಯಾಗಬಹುದೆಂದು ಯಾರೂ ನಿರೀಕ್ಷಿಸಿರಲಿಲ್ಲ.

ಮೂರನೆಯ ಹೆಜ್ಜೆ 1990ರಲ್ಲಿ, ಡೇನಿಯಲ್ ಸಾಲ್ಜ್‌ಮನ್ ಮುಂದಾಳಾಗಿ ಇಟ್ಟದ್ದು. ಒಂದೇ ದಿಕ್ಕಿನ ಕೋಶಗಳು ಗುಂಪಾಗಿರುವುದರಿಂದ ಸೂಜಿಮೊನೆಯ ವಿದ್ಯುದಗ್ರವನ್ನು ಅಂಥ ಗುಂಪಿನಲ್ಲಿಟ್ಟು, ಕೋತಿ ಚುಕ್ಕೆಗಳನ್ನು ನೋಡುತ್ತಿರುವಾಗಲೇ ಅತಿ ಸಣ್ಣ ವಿದ್ಯುತ್ತನ್ನು ಹರಿಸಿದರು. ಮೇಲ್ಮುಖದ ಗುಂಪನ್ನು ಕೆರಳಿಸಿದರೆ ಕೋತಿ ಹೆಚ್ಚು ಸಲ 'ಮೇಲಕ್ಕೆ' ಎನ್ನತೊಡಗಿತು, ಪರದೆಯ ಮೇಲೆ ಏನೇ ಇರಲಿ. ಅಲ್ಲಿಗೆ ಹೊಂದಾಣಿಕೆಯ ಕಾಲ ಮುಗಿಯಿತು. ಕೋಶಗಳನ್ನು ಮುಟ್ಟಿದರೆ ತೀರ್ಪು ಬದಲಾಗುತ್ತದೆ ಎಂಬುದು ಕಣ್ಣೆದುರೇ ಸಾಬೀತಾಯಿತು.

ಆದರೆ ಅದೇ ಪ್ರಯೋಗಗಳ ಒಳಗೆ ಇನ್ನೊಂದು ಸಂಗತಿಯೂ ಇತ್ತು, ಅದಕ್ಕೆ ಆಗ ತಕ್ಕ ಗಮನ ಸಿಗಲಿಲ್ಲ. 1988ರ ಕೋತಿಗಳು ಅಭ್ಯಾಸ ಮುಂದುವರಿದಂತೆ ಬಹುಮಟ್ಟಿಗೆ ಚೇತರಿಸಿಕೊಂಡಿದ್ದವು. ಎಂಟಿ ಒಂದೇ ಕೇಂದ್ರವಾಗಿದ್ದರೆ ಚೇತರಿಕೆ ಎಲ್ಲಿಂದ? 2017ರಲ್ಲಿ ಲಿಯು ಡಿ. ಲಿಯು ಮತ್ತು ಪ್ಯಾಕ್ ಇದಕ್ಕೆ ಚುರುಕಾದ ಉತ್ತರ ಕೊಟ್ಟರು. ಸರಿಯುವ ಪಟ್ಟೆಗಳಲ್ಲಿ ಪಳಗಿದ ಕೋತಿಗಳ ಎಂಟಿಯನ್ನು ತಾತ್ಕಾಲಿಕವಾಗಿ ಮೌನಗೊಳಿಸಿದಾಗ ಪಟ್ಟೆಗಳ ದಿಕ್ಕು ಹೇಳಲು ಅವಕ್ಕೆ ಅಂಥ ತೊಂದರೆಯಾಗಲಿಲ್ಲ. ಆಮೇಲೆ ಅದೇ ಕೋತಿಗಳಿಗೆ ಚುಕ್ಕೆಗಳಲ್ಲಿ ತರಬೇತಿ ಕೊಟ್ಟು ಮತ್ತೆ ಎಂಟಿಯನ್ನು ಮೌನಗೊಳಿಸಿದರೆ, ಈಗ ಪಟ್ಟೆಗಳನ್ನು ನೋಡುವುದೂ ಕೆಟ್ಟಿತು. ಅಂದರೆ ಎಂಟಿಯಲ್ಲಿ ಚಲನೆಯ ಸಮಾಚಾರ ಸದಾ ಇರುತ್ತದೆ, ಮಿದುಳು ತೀರ್ಮಾನಕ್ಕಾಗಿ ಅದನ್ನೇ ಓದುತ್ತದೋ ಇಲ್ಲವೋ ಎಂಬುದು ಕಲಿಕೆಯನ್ನು ಅವಲಂಬಿಸಿದೆ. ನ್ಯೂಸಮ್ ಅವರ ಕೋತಿಗಳು ತಿಂಗಳುಗಟ್ಟಲೆ ಚುಕ್ಕೆಗಳಲ್ಲೇ ಪಳಗಿದವು. ಅವು ತೋರಿಸಿದ್ದು ಸತ್ಯ, ಆದರೆ ಆ ಸತ್ಯದಲ್ಲಿ ತರಬೇತಿಯ ಪಾಲೂ ಇದೆ ಎಂದು ಈಗ ಓದಿಕೊಳ್ಳಬೇಕು.

ತೀರ್ಮಾನ ಎಲ್ಲಿ ಆಗುತ್ತದೆ ಎಂಬ ಮುಂದಿನ ಕೊಂಡಿ ಇನ್ನಷ್ಟು ಸಡಿಲ. ಮೈಕೆಲ್ ಶಾಡ್ಲೆನ್ ಮತ್ತು ಸಹಚರರು ಎಲ್‌ಐಪಿ ಎಂಬ ಪಾರ್ಶ್ವಭಾಗದ ಪ್ರದೇಶದಲ್ಲಿ, ಪುರಾವೆ ಕೂಡುತ್ತ ಹೋದಂತೆ ಏರುತ್ತ ಹೋಗುವ ಸ್ಪಂದನಗಳನ್ನು ಕಂಡಾಗ, ನಿರ್ಧಾರದ ಜಾಗವೇ ಸಿಕ್ಕಿತೆಂದು ಅನೇಕರಿಗೆ ಅನಿಸಿತು. 2016ರಲ್ಲಿ ಟೆಕ್ಸಾಸಿನ ಲಿಯೋರ್ ಕಾಟ್ಜ್ ಮತ್ತಿತರರು ಅದನ್ನು ಮೌನಗೊಳಿಸಿದರೂ ಕೋತಿಗಳ ತೀರ್ಪು ಹೆಚ್ಚೇನೂ ಬದಲಾಗಲಿಲ್ಲ. ಎಂಟಿಯನ್ನು ಮೌನಗೊಳಿಸಿದಾಗ ತೀರ್ಪು ಕೆಟ್ಟಿತು. ಅಷ್ಟು ಸೊಗಸಾಗಿ ಏರುವ ರೇಖೆ ಕಾರಣವೇ ಆಗಿರಬೇಕಿಲ್ಲ ಎಂಬುದು ಇಡೀ ಕ್ಷೇತ್ರಕ್ಕೆ ಸಿಕ್ಕ ಬಿಸಿಪಾಠ.

ಅರಿವಿನ ಪ್ರಶ್ನೆಯಲ್ಲಂತೂ ಸಾಕ್ಷಿಗಳೇ ಎದುರುಬದುರಾಗಿ ನಿಂತಿವೆ. 2001ರಲ್ಲಿ ಆಲ್ವಾರೊ ಪಾಸ್ಕುವಲ್-ಲಿಯೋನೆ ಮತ್ತು ವಿನ್ಸೆಂಟ್ ವಾಲ್ಶ್, ತಲೆಯ ಹೊರಗಿನಿಂದ ಕಾಂತಸ್ಪಂದನ ಕೊಟ್ಟು ವಿ-5ನ್ನು ಕೆರಳಿಸಿ ಚಲಿಸುವ ಮಿಂಚುಗಳನ್ನು ಹುಟ್ಟಿಸಿದರು. ಅದಾದ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ವಿ-1ಕ್ಕೆ ಅಡ್ಡಿಮಾಡಿದರೆ ಆ ಚಲನೆ ಕಾಣೆಯಾಗುತ್ತಿತ್ತು. ವಿ-5ರಿಂದ ವಿ-1ಕ್ಕೆ ಸಂಕೇತ ಮರಳದೆ ಅರಿವಿಲ್ಲ ಎಂಬುದು ಇದರ ಇಂಗಿತ. ಆದರೆ ವಿ-1 ಕಳೆದುಕೊಂಡ ಜಿ.ವೈ. ಎಂಬ ವ್ಯಕ್ತಿಗೆ ಕುರುಡುಭಾಗದಲ್ಲಿ ವೇಗದ ಚಲನೆಯ ಅರಿವಿತ್ತೆಂದು ಜೆಕಿ ಮತ್ತಿತರರು 1993ರಲ್ಲೇ ಹೇಳಿದ್ದರು. ರಿಡಾಕ್ ಅವರ ಸೈನಿಕರು ಹೇಳಿದ್ದೂ ಅದನ್ನೇ. ವಿ-1ನ್ನು ಬಳಸಿಕೊಂಡು ಹೋಗುವ ಒಳದಾರಿಗಳು ಇರುವುದಂತೂ ನಿಜ: ಥಲಾಮಸ್‌ನಿಂದ ನೇರವಾಗಿ ಎಂಟಿಗೆ ಹೋಗುವ ತಂತುಗಳನ್ನು 2004ರಲ್ಲಿ ಲಾರೆನ್ಸ್ ಸಿಂಚಿಕ್ ಮತ್ತಿತರರು ಮಕಾಕ್ ಕೋತಿಯಲ್ಲಿ ತೋರಿಸಿದರು. ನನ್ನ ಒಲವು ರಿಡಾಕ್ ಕಡೆಗೆ. ಮರಳುವ ಸಂಕೇತ ಅನುಭವವನ್ನು ಗಟ್ಟಿಗೊಳಿಸಬಹುದು, ಅದೇ ಅನಿವಾರ್ಯ ಎನ್ನಲು ಜಿ.ವೈ. ಅಂಥವರು ಬಿಡುವುದಿಲ್ಲ.

ಇಷ್ಟು ಹೊತ್ತೂ ನಾವು ಕಣ್ಣು ನಿಂತಿದೆ, ಲೋಕ ಚಲಿಸುತ್ತಿದೆ ಎಂದುಕೊಂಡೆವು. ವಾಸ್ತವದಲ್ಲಿ ಪ್ರೈಮೇಟ್ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತದೆ. ಪ್ರತಿ ಜಿಗಿತಕ್ಕೂ ಇಡೀ ಲೋಕದ ಬಿಂಬ ರೆಟಿನಾದ ಮೇಲೆ ರಭಸದಿಂದ ಸರಿಯುತ್ತದೆ, ನಮಗೆ ಏನೂ ಕಾಣುವುದಿಲ್ಲ. ಕನ್ನಡಿಯಲ್ಲಿ ನಿಮ್ಮ ಎಡಗಣ್ಣು, ಬಲಗಣ್ಣುಗಳನ್ನು ಒಂದಾದ ಮೇಲೊಂದು ನೋಡಿ: ಕಣ್ಣು ಹೊರಳುವುದು ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ, ನಿಮಗಿಲ್ಲ. ಅದೇ ಕಣ್ಣುಗುಡ್ಡೆಯನ್ನು ರೆಪ್ಪೆಯ ಮೇಲಿಂದ ಬೆರಳಿನಿಂದ ಮೆಲ್ಲನೆ ಒತ್ತಿದರೆ ಲೋಕವೇ ಅಲುಗುತ್ತದೆ. ಕಣ್ಣು ಸರಿದದ್ದು ಎರಡರಲ್ಲೂ ನಿಜ, ಭೇದವಿರುವುದು ಆಜ್ಞೆ ಯಾರದು ಎಂಬುದರಲ್ಲಿ. ಮಿದುಳು ತಾನೇ ಕಣ್ಣಿಗೆ ಆಜ್ಞೆ ಕೊಟ್ಟಾಗ ಅದರ ಒಂದು ಪ್ರತಿಯನ್ನು ದೃಷ್ಟಿಪ್ರದೇಶಗಳಿಗೂ ಕಳಿಸುತ್ತದೆ. ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟಲ್‌ಷ್ಟೇಟ್ ಜರ್ಮನಿಯಲ್ಲಿ, ರೋಜರ್ ಸ್ಪೆರಿ ಅಮೆರಿಕದಲ್ಲಿ, ಎರಡೂ ಕಡೆಯವರು 1950ರಲ್ಲೇ ಈ ವಿಚಾರಕ್ಕೆ ಬಂದರು, ಒಂದೆಡೆ ನೊಣ, ಇನ್ನೊಂದೆಡೆ ಮೀನು ನೋಡಿ. ಕೋತಿಯಲ್ಲಿ ಆ ಪ್ರತಿ ಸಾಗುವ ದಾರಿಯನ್ನು ಮಾರ್ಕ್ ಸಾಮರ್ ಮತ್ತು ರಾಬರ್ಟ್ ವುರ್ಟ್ಸ್ 2002ರಲ್ಲಿ ನಡುಮಿದುಳಿನಿಂದ ಥಲಾಮಸ್ ಮೂಲಕ ಹಣೆಭಾಗದ ತೊಗಟೆಯವರೆಗೆ ಹಿಡಿದುಕೊಟ್ಟರು.

ದೇಹವೇ ಚಲಿಸುವಾಗ ಬೇರೆ ಸಮಸ್ಯೆ. ಮುಂದೆ ನಡೆದರೆ ಇಡೀ ದೃಶ್ಯ ಒಂದು ಬಿಂದುವಿನಿಂದ ಸುತ್ತಲೂ ಹಿಗ್ಗುತ್ತದೆ. ಎಂಟಿಯ ಪಕ್ಕದ ಎಂಎಸ್‌ಟಿ ಪ್ರದೇಶದಲ್ಲಿ ಹೀಗೆ ಹಿಗ್ಗುವ, ಕುಗ್ಗುವ, ತಿರುಗುವ ದೃಶ್ಯಗಳಿಗೇ ಸ್ಪಂದಿಸುವ ಕೋಶಗಳನ್ನು 1980ರ ದಶಕದ ಕೊನೆಯಿಂದ ಕೇಜಿ ತನಾಕಾ, ಚಾರ್ಲ್ಸ್ ಡಫಿ ಮೊದಲಾದವರು ಕಂಡರು. ಅಲ್ಲಿಗೆ ಒಳಗಿವಿಯ ಸಮತೋಲನದ ಸಂಕೇತವೂ ಬರುತ್ತದೆ ಎಂಬುದು ಡೋರಾ ಏಂಜಲಾಕಿ, ಗ್ರೆಗರಿ ಡಿಆಂಜೆಲಿಸ್ ಮುಂತಾದವರ ಕೆಲಸದಿಂದ ಖಚಿತವಾಯಿತು. ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತೆನಿಸುವುದು, ಈ ಎರಡು ಸಾಕ್ಷಿಗಳಲ್ಲಿ ಕಣ್ಣಿನ ಮಾತು ಕ್ಷಣಕಾಲ ಗೆದ್ದಾಗ.

ವೇಗದ ಮುಂದೆ ಈ ಇಡೀ ವ್ಯವಸ್ಥೆ ನಿಧಾನ. ಗಂಟೆಗೆ 140 ಕಿ.ಮೀ. ವೇಗದ ಚೆಂಡು 100 ಮಿಲಿಸೆಕೆಂಡ್‌ನಲ್ಲಿ ಹೆಚ್ಚುಕಡಿಮೆ 4 ಮೀಟರ್ ಸಾಗಿಬಿಡುತ್ತದೆ. ಕಣ್ಣಿಗೆ ಬಿದ್ದದ್ದು ಕೈಗೆ ತಲುಪುವಷ್ಟರಲ್ಲಿ ಚೆಂಡು ಅಲ್ಲಿರುವುದಿಲ್ಲ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯೋಡ್ 2000ದಲ್ಲಿ ಬೇರೆ ಬೇರೆ ಮಟ್ಟದ ಮೂವರು ಬ್ಯಾಟರ್‌ಗಳ ಕಣ್ಣನ್ನು ದಾಖಲಿಸಿದರು. ಅವರು ಚೆಂಡನ್ನು ಉದ್ದಕ್ಕೂ ಹಿಂಬಾಲಿಸುತ್ತಿರಲಿಲ್ಲ. ಕೈಬಿಟ್ಟ ಕ್ಷಣ ನೋಡಿ, ಪುಟಿಯುವ ಜಾಗಕ್ಕೆ ಕಣ್ಣನ್ನು ಮೊದಲೇ ಜಿಗಿಸಿ ಅಲ್ಲಿ ಕಾಯುತ್ತಿದ್ದರು. ನುರಿತ ಆಟಗಾರನ ಜಿಗಿತ ಬೇಗ ಬರುತ್ತಿತ್ತು. ರೊಮಿ ನಿಜಾವನ್ 1994ರಲ್ಲಿ ವಿವರಿಸಿದ ಭ್ರಮೆಯೂ ಇಲ್ಲಿಯದೇ: ಚಲಿಸುವ ವಸ್ತುವಿನ ಸರಿ ಪಕ್ಕದಲ್ಲಿ ಮಿಂಚು ಹೊಳೆಸಿದರೆ ಮಿಂಚು ಹಿಂದೆ ಉಳಿದಂತೆ ಕಾಣುತ್ತದೆ. ಮಿದುಳು ಚಲಿಸುವುದನ್ನು ಮುಂದಕ್ಕೆ ಎಣಿಸಿ ತನ್ನ ತಡವನ್ನು ತುಂಬಿಕೊಳ್ಳುತ್ತದೆ ಎಂಬುದು ಅವರ ವಿವರಣೆ, ಅದರ ಮೇಲೆ ಚರ್ಚೆ ಇನ್ನೂ ನಡೆದಿದೆ.

ಚಲನೆ ಬೇರೆ, ಆಕಾರ ಬೇರೆ ಎಂಬ ವಿಂಗಡಣೆಯನ್ನೂ ಬಹಳ ಎಳೆಯಬಾರದು. ಗುನ್ನಾರ್ ಯೊಹಾನ್ಸನ್ 1973ರಲ್ಲಿ ಕತ್ತಲಲ್ಲಿ ನಡೆಯುವ ಮನುಷ್ಯನ ಕೀಲುಗಳಿಗೆ ಹತ್ತು-ಹನ್ನೆರಡು ದೀಪದ ಚುಕ್ಕೆ ಕಟ್ಟಿ ತೋರಿಸಿದಾಗ, ಚುಕ್ಕೆಗಳು ನಿಂತಿದ್ದರೆ ಏನೂ ತಿಳಿಯದವರಿಗೆ ಸರಿದೊಡನೆ ಮನುಷ್ಯ ಕಾಣುತ್ತಿದ್ದ. ಅಚ್ಚರಿಯೆಂದರೆ ಎಲ್.ಎಂ. ಕೂಡ ಇಂಥ ಚುಕ್ಕೆಮನುಷ್ಯರನ್ನು ಗುರುತಿಸಬಲ್ಲವಳಾಗಿದ್ದಳು. ಭಾರತದಲ್ಲಿ ಪವನ್ ಸಿನ್ಹಾ ನಡೆಸಿದ 'ಪ್ರಾಜೆಕ್ಟ್ ಪ್ರಕಾಶ್' ಇದಕ್ಕೆ ಕರುಣೆಯೂ ಜ್ಞಾನವೂ ಕೂಡಿದ ಸಾಕ್ಷಿ ಒದಗಿಸಿತು. ಹುಟ್ಟುಕುರುಡಿಗೆ ಚಿಕಿತ್ಸೆ ಪಡೆದು ತಡವಾಗಿ ಕಣ್ಣು ಬಂದವರಿಗೆ ಒಂದರ ಮೇಲೊಂದು ಬಿದ್ದ ಆಕಾರಗಳು ನಿಂತಿದ್ದಾಗ ಚೂರುಚೂರಾಗಿ ಕಂಡವು, ಒಂದು ಆಕಾರ ಸರಿಯತೊಡಗಿದರೆ ಅದರ ಭಾಗಗಳು ಒಂದುಗೂಡಿದವು. 2009ರಲ್ಲಿ ಪ್ರಕಟವಾದ ಆ ಅಧ್ಯಯನ ಓದಿದ ಮೇಲೆ, ನೋಡುವುದನ್ನು ಕಲಿಯುವವರಿಗೆ ಚಲನೆಯೇ ಮೊದಲ ಗುರು ಎಂದು ನನಗೆ ಬಲವಾಗಿ ಅನಿಸಿದೆ.

ಈ ಎಲ್ಲ ತಿಳಿವಳಿಕೆಯ ಹಿಂದೆ ಕೋತಿಗಳಿವೆ. ತಲೆಬುರುಡೆಯಲ್ಲಿ ವಿದ್ಯುದಗ್ರ ಹೊತ್ತು, ಕುರ್ಚಿಯಲ್ಲಿ ತಿಂಗಳುಗಟ್ಟಲೆ ಚುಕ್ಕೆ ನೋಡಿದ, ಕೆಲವೊಮ್ಮೆ ಮಿದುಳಿನ ಭಾಗವನ್ನೇ ಕಳೆದುಕೊಂಡ ಪ್ರಾಣಿಗಳು. ಎಂಟಿಯಂಥ ಪ್ರದೇಶ ಪ್ರೈಮೇಟ್‌ಗಳ ವಿಶೇಷ, ಇಲಿಯಲ್ಲಿ ಅದನ್ನು ಅದೇ ರೂಪದಲ್ಲಿ ಹುಡುಕಲಾಗದು ಎಂಬ ವೈಜ್ಞಾನಿಕ ಕಾರಣ ನನಗೆ ಅರ್ಥವಾಗುತ್ತದೆ, ನೋವು ಹಾಗೆಯೇ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲೂ ಕೋತಿಗಳ ದೃಷ್ಟಿಯ ಅಧ್ಯಯನ ನಡೆಯುತ್ತಿದೆ: ಆದಿತ್ಯ ಮೂರ್ತಿ ಕಣ್ಣಿನ ಜಿಗಿತಗಳ ಯೋಜನೆಯನ್ನು, ಸುಪ್ರತಿಮ್ ರೇ ವಿ-1ರ ವಿದ್ಯುತ್ ಲಯಗಳನ್ನು, ಎಸ್.ಪಿ. ಅರುಣ್ ವಸ್ತುಗಳನ್ನು ಗುರುತಿಸುವ ಬಗೆಯನ್ನು ಹುಡುಕುತ್ತ ಬಂದಿದ್ದಾರೆ. ಒಂದೊಂದು ಪ್ರಾಣಿಯಿಂದ ಸಿಕ್ಕ ದತ್ತಾಂಶವನ್ನೂ ಎಲ್ಲರೂ ಮತ್ತೆ ಮತ್ತೆ ಬಳಸುವಂತೆ ತೆರೆದಿಡುವುದು ಈ ಕ್ಷೇತ್ರದ ಕನಿಷ್ಠ ಋಣಸಂದಾಯ.

ಮುಗಿಯಿತು ಎಂದುಕೊಂಡಿದ್ದ ಮೊದಲ ಅಧ್ಯಾಯವೂ ಈಗ ತೆರೆದುಕೊಂಡಿದೆ. ಮೊಲದ ರೆಟಿನಾದಲ್ಲೇ ದಿಕ್ಕು ಗುರುತಿಸುವ ಕೋಶಗಳಿರುವುದನ್ನು ಹೊರೇಸ್ ಬಾರ್ಲೋ ಮತ್ತು ವಿಲಿಯಂ ಲೆವಿಕ್ 1960ರ ದಶಕದಲ್ಲಿ ವಿವರವಾಗಿ ತೋರಿಸಿದ್ದರು. ಪ್ರೈಮೇಟ್‌ಗಳಲ್ಲಿ ಆ ಕೆಲಸ ತೊಗಟೆಗೆ ಬಡ್ತಿ ಪಡೆದಿದೆ, ಕಣ್ಣಿನಲ್ಲಿ ಅಂಥ ಕೋಶಗಳಿಲ್ಲ ಎಂದು ಅರ್ಧ ಶತಮಾನ ಪಾಠ ಹೇಳಿದ್ದಾಯಿತು. 2016ರಲ್ಲಿ, ಕಣ್ಣು ಸದಾ ಓಲಾಡುವ ಹುಟ್ಟುದೋಷಕ್ಕೆ ಕಾರಣವಾದ ಎಫ್‌ಆರ್‌ಎಂಡಿ7 ಎಂಬ ಜೀನ್ ಕೆಟ್ಟ ಇಲಿಗಳ ರೆಟಿನಾದಲ್ಲಿ ಅಡ್ಡದಿಕ್ಕನ್ನು ಗುರುತಿಸುವ ಶಕ್ತಿಯೇ ಇಲ್ಲವೆಂದು ಕೇಸುಕೆ ಯೊನೆಹಾರಾ ಮತ್ತಿತರರು ಕಂಡರು. ಅದೇ ಜೀನ್ ಕೆಟ್ಟ ಮನುಷ್ಯರಲ್ಲೂ ಅಡ್ಡ ಹರಿಯುವ ದೃಶ್ಯವನ್ನು ಕಣ್ಣು ತಾನಾಗಿ ಹಿಂಬಾಲಿಸುತ್ತಿರಲಿಲ್ಲ. 2023ರ ಹೊತ್ತಿಗೆ ಮಕಾಕ್‌ನ ರೆಟಿನಾದಲ್ಲೇ ದಿಕ್ಕಿನ ಕೋಶಗಳು ನೇರವಾಗಿ ಸಿಕ್ಕಿವೆ. ನೋಟವನ್ನು ನಿಲ್ಲಿಸಿ ಹಿಡಿಯುವ ಮಿದುಳಕಾಂಡದ ಕೇಂದ್ರಗಳಿಗೆ ಅವು ಸಂಕೇತ ಕಳಿಸುತ್ತಿರಬೇಕೆಂಬುದು ಸದ್ಯದ ಊಹೆ. ಆ ಸಂಕೇತದ ಒಂದಂಶವಾದರೂ ಎಂಟಿಯವರೆಗೆ ಮುಟ್ಟುತ್ತದೆಯೇ ಎಂಬುದನ್ನು ಇನ್ನು ಅಳೆಯಬೇಕು. ಮುಟ್ಟುವುದಾದರೆ ರಿಡಾಕ್ ಅವರ ಸೈನಿಕರಿಗೆ ಚಲನೆ ಯಾವ ದಾರಿಯಿಂದ ಕಂಡಿತು ಎಂಬುದಕ್ಕೂ ಹೊಸದೊಂದು ಉತ್ತರ ಸಿಕ್ಕೀತು.